‘ಫೋಟೊ ಛಲೋ ಬರಂಗಿಲ್ರೀ’ ಅನ್ನುವವರಿಗೆ

ಧಾರವಾಡದ ಸಪ್ತಾಪುರದ ಕಡೆ ನಮ್ಮದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಮದುವೆ ಕಾರ್ಡು, ಬ್ಯಾನರ್ ಡಿಸೈನು, ಎಲ್ಲವೂ ಒಂದೇ ಕಡೆ. ಹಿಂದಿನ ಮೂಲೆಯಲ್ಲಿ ಒಂದು ಬಿಳಿ ಪರದೆ, ಒಂದು ಸ್ಟೂಲು, ಎರಡು ಲೈಟು. ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಯುವುದು ಅಲ್ಲೇ. ಸುತ್ತಮುತ್ತ ಕೋಚಿಂಗ್ ಸೆಂಟರುಗಳು ಜಾಸ್ತಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಅರ್ಜಿ ಹಾಕುವ ಹುಡುಗರು, ಹುಡುಗಿಯರು ದಿನವೂ ಬರುತ್ತಾರೆ. ಪಿಂಚಣಿಗೆ, ಬ್ಯಾಂಕಿಗೆ, ಸೊಸೈಟಿ ಸಾಲಕ್ಕೆ ಅಂತ ಹಳ್ಳಿಯ ಹಿರಿಯರೂ ಬರುತ್ತಾರೆ.

ಸ್ಟೂಲಿನ ಮೇಲೆ ಕೂರುವ ಮೊದಲೇ ಬಹಳ ಜನ ಒಂದು ಮಾತು ಹೇಳಿಬಿಡುತ್ತಾರೆ. “ಅಕ್ಕಾರ, ನನ್ನ ಫೋಟೊ ಛಲೋ ಬರಂಗಿಲ್ರೀ.”

ಹೀಗೆ ಹೇಳುವವರಲ್ಲಿ ಚೆಂದ ಇರುವವರು, ಇಲ್ಲದವರು ಅನ್ನುವ ಭೇದ ಇಲ್ಲ. ದಾರಿಯಲ್ಲಿ ಹೋದರೆ ನಾಲ್ಕು ಮಂದಿ ತಿರುಗಿ ನೋಡುವಂಥ ಹುಡುಗಿಯೂ ಇದನ್ನೇ ಹೇಳುತ್ತಾಳೆ. ಎಪ್ಪತ್ತು ದಾಟಿದ ಗೌಡರೂ ಇದನ್ನೇ ಹೇಳುತ್ತಾರೆ. ಹೇಳಿದ ಮೇಲೆ ಕೂತು, ಹೆಗಲು ಎತ್ತಿ, ಉಸಿರು ಬಿಗಿಹಿಡಿದು, ಇಂಜೆಕ್ಷನ್ನಿಗೆ ತೋಳು ಕೊಟ್ಟವರ ಹಾಗೆ ಕ್ಯಾಮೆರಾ ನೋಡುತ್ತಾರೆ.

ಆಗ ಎಲ್ಲ ಫೋಟೊಗ್ರಾಫರುಗಳೂ ಹೇಳುವ ಒಂದು ಮಾತಿದೆ. “ರಿಲ್ಯಾಕ್ಸ್ ಆಗ್ರಿ.” ನನ್ನ ಪ್ರಕಾರ ಇದರಷ್ಟು ದಂಡದ ಮಾತು ಇನ್ನೊಂದಿಲ್ಲ. ಆರಾಮಾಗಿರು ಅಂತ ಯಾರಾದರೂ ಅಂದ ತಕ್ಷಣ, ಓಹೋ ನಾನು ಆರಾಮಾಗಿಲ್ಲ ಅನ್ನೋದು ಇವರಿಗೂ ಕಂಡಿತು ಅಂತ ಇನ್ನಷ್ಟು ಬಿಗಿಯಾಗುತ್ತೇವೆ, ಅಲ್ವಾ? ದಿನಾ ಮುಖಗಳನ್ನು ನೋಡಿ ನೋಡಿ ನಾನು ನಂಬಿರುವುದು ಇಷ್ಟು. ಫೋಟೊ ಕೆಟ್ಟದಾಗಿ ಬಂದಾಗ ತಪ್ಪು ಇರುವುದು ಹೆಚ್ಚಾಗಿ ದೂರದಲ್ಲಿ, ಬೆಳಕಿನಲ್ಲಿ ಮತ್ತು ಕ್ಯಾಮೆರಾ ಹಿಡಿದವರಲ್ಲಿ. ಪಾಪ, ಮುಖ ಸುಮ್ನೆ ಬೈಸಿಕೊಳ್ಳುತ್ತದೆ. ಈ ಲೆಕ್ಕ ಒಮ್ಮೆ ಗೊತ್ತಾದರೆ ಅರ್ಧ ಬಿಗಿತ ತಾನಾಗಿಯೇ ಇಳಿಯುತ್ತದೆ.

ಮೊದಲು ಕನ್ನಡಿಯ ಲೆಕ್ಕ. ನಮ್ಮ ಮುಖವನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದು ಕನ್ನಡಿಯಲ್ಲಿ. ಅಲ್ಲಿ ಎಡ, ಬಲ ಅದಲುಬದಲು. ಯಾರ ಮುಖವೂ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಹುಬ್ಬು ಕೊಂಚ ಮೇಲೆ, ಒಂದು ಕಣ್ಣು ಕೊಂಚ ಸಣ್ಣ, ಬೈತಲೆ ಒಂದು ಪಕ್ಕಕ್ಕೆ. ಕನ್ನಡಿಯಲ್ಲಿ ನೋಡಿ ನೋಡಿ ಆ ಓರೆ ನಮಗೆ ರೂಢಿಯಾಗಿರುತ್ತದೆ. ಫೋಟೊದಲ್ಲಿ ಅದೇ ಓರೆ ಇನ್ನೊಂದು ಕಡೆಗೆ ಬಂದಾಗ “ಇದು ನಾನ ಏನು?” ಅನ್ನಿಸುತ್ತದೆ. ಪದೇ ಪದೇ ಕಂಡದ್ದೇ ನಮಗೆ ಹೆಚ್ಚು ಇಷ್ಟವಾಗುತ್ತದೆ ಅಂತ ರಾಬರ್ಟ್ ಜಾಯನ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1968ರಲ್ಲೇ ತೋರಿಸಿದ್ದರು. 1977ರಲ್ಲಿ ಅಮೆರಿಕದಲ್ಲೇ ಮೀಟಾ, ಡರ್ಮರ್, ನೈಟ್ ಅನ್ನುವ ಮೂವರು ಇದನ್ನು ಮುಖಕ್ಕೆ ಹಚ್ಚಿ ನೋಡಿದರು. ಯುವತಿಯರ ಫೋಟೊ ತೆಗೆದು, ಒಂದು ಇದ್ದಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಂಡಹಾಗೆ ಪ್ರಿಂಟ್ ಹಾಕಿದರು. ಫೋಟೊದಲ್ಲಿದ್ದವರಿಗೆ ಹೆಚ್ಚಾಗಿ ಕನ್ನಡಿಯದು ಇಷ್ಟವಾಯಿತು. ಅವರ ಗೆಳತಿಯರಿಗೆ ಹೆಚ್ಚಾಗಿ ಇದ್ದಹಾಗಿನದು ಇಷ್ಟವಾಯಿತು.

ಅಂದರೆ ನೀವು ಫೋಟೊ ನೋಡಿ ಮುಖ ಕಿವುಚುವಾಗ ಪಕ್ಕದಲ್ಲಿದ್ದ ಅಕ್ಕ “ಛಲೋ ಬಂದೈತಲ್ಲ” ಅಂದರೆ ಅವಳು ನಿಮ್ಮ ಮನಸ್ಸು ನೋಯಬಾರದು ಅಂತ ಹೇಳುತ್ತಿಲ್ಲ. ಅವಳಿಗೆ ನಿಜವಾಗಿಯೂ ಹಾಗೇ ಕಾಣುತ್ತದೆ. ಮೊಬೈಲಿನ ಮುಂದಿನ ಕ್ಯಾಮೆರಾ ಈ ಗೊಂದಲವನ್ನು ಇನ್ನೂ ಹೆಚ್ಚು ಮಾಡಿದೆ. ತೆಗೆಯುವಾಗ ಕನ್ನಡಿಯ ಹಾಗೆ ತೋರಿಸಿ, ಉಳಿಸುವಾಗ ಬಹಳ ಫೋನುಗಳು ತಿರುಗಿಸಿಬಿಡುತ್ತವೆ. ಕೆಲವು ತಿರುಗಿಸುವುದಿಲ್ಲ. ಅಂಥ ಫೋನಿನ ಫೋಟೊ ಮದುವೆ ಕಾರ್ಡಿಗೆ ಅಂತ ಬಂದರೆ ನನಗೆ ಸೆರಗು ನೋಡಿದ ಕೂಡಲೇ ಗೊತ್ತಾಗುತ್ತದೆ. ಎಡ ಹೆಗಲ ಮೇಲೆ ಇರಬೇಕಾದ ಸೆರಗು ಬಲ ಹೆಗಲಿಗೆ ಹೋಗಿರುತ್ತದೆ.

ಇನ್ನು ದೂರದ ಲೆಕ್ಕ. ಮೂಗು ದೊಡ್ಡದಾಗಿ ಬರುತ್ತದೆ ಅಂತ ದೂರು ಹೇಳುವವರೆಲ್ಲ ಸೆಲ್ಫಿ ನೋಡಿ ಹೇಳುವವರು. ಕೈ ಚಾಚಿದರೆ ಫೋನು ಮುಖದಿಂದ ಒಂದೆರಡು ಅಡಿ ದೂರ ಹೋಗುತ್ತದೆ ಅಷ್ಟೆ. ಮೂಗಿನ ತುದಿ ಫೋನಿಗೆ ಹತ್ತಿರ, ಕಿವಿ ದೂರ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುವುದು ಕ್ಯಾಮೆರಾದ ಕುತಂತ್ರ ಅಲ್ಲ, ನಮ್ಮ ಕಣ್ಣೂ ಹಾಗೇ ನೋಡುತ್ತದೆ. ಆದರೆ ಗೇಣು ದೂರದಲ್ಲಿ ನಿಂತು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸೆಲ್ಫಿ ತೋರಿಸಿ ಮೂಗು ಸಣ್ಣ ಮಾಡಿಕೊಡಿ ಅನ್ನುವವರು ಹೆಚ್ಚಾದಾಗ ಅಮೆರಿಕದ ಕೆಲವು ಡಾಕ್ಟರುಗಳು ಇದರ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. 12 ಇಂಚು ದೂರದಿಂದ ತೆಗೆದರೆ ಮೂಗಿನ ಅಗಲ ಇರುವುದಕ್ಕಿಂತ ಸುಮಾರು ಶೇಕಡಾ 30ರಷ್ಟು ಜಾಸ್ತಿ ಕಾಣುತ್ತದೆ. 5 ಅಡಿ ದೂರ ಹೋದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಇರುವುದೇ ಇಲ್ಲ.

ಇದನ್ನು ನಾನು ಬಹಳ ಹುಡುಗರಿಗೆ ಹೇಳಿದ್ದೇನೆ. ಆನ್‌ಲೈನ್ ಅರ್ಜಿಗೆ ಹಾಸ್ಟೆಲ್ ಗೋಡೆಗೆ ನಿಂತು ತಾವೇ ತೆಗೆದುಕೊಂಡ ಫೋಟೊ ತರುತ್ತಾರೆ. ನಾಲ್ಕು ದುಡ್ಡು ಉಳಿಯಲಿ ಅಂತ. ಅದರಲ್ಲಿ ತಪ್ಪೇನಿಲ್ಲ. ಆದರೆ ಗೆಳೆಯನ ಕೈಗೆ ಫೋನು ಕೊಟ್ಟು, ಐದಾರು ಅಡಿ ಹಿಂದೆ ಸರಿಸಿ, 2ಎಕ್ಸ್ ಜೂಮ್ ಒತ್ತಿ ತೆಗೆಸಿಕೊಂಡರೆ ಮುಖ ಮುಖದ ಹಾಗೇ ಬರುತ್ತದೆ. ಫೋನು ಕಣ್ಣಿನ ಮಟ್ಟಕ್ಕೆ ಇರಲಿ. ಕೆಳಗಿನಿಂದ ತೆಗೆದರೆ ಎಂಥ ಸಪೂರ ಮನುಷ್ಯನಿಗೂ ಎರಡು ಗದ್ದ ಬರುತ್ತವೆ. ನಾನು ಇನ್ನೊಂದು ಸ್ಟೂಲು ಹತ್ತಿಳಿದು ಮಾಡುವುದು ಇದಕ್ಕೇ. ಪೊಲೀಸ್ ಆಗಲು ಹೊರಟ ಆರಡಿ ಹುಡುಗ ಕೂತರೂ ನನಗಿಂತ ಎತ್ತರ.

ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಶುರುವಾದ ಮೇಲೆ ಅಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬರೀ ತಮ್ಮ ಮೂಗನ್ನು ತೆಗೆದುಕೊಂಡು ಬರುತ್ತಾರೆ. ಯಾರಾದರೂ ಪೋರ್ಟರಿಗೋ ಪಕ್ಕದ ಪ್ರಯಾಣಿಕರಿಗೋ ಫೋನು ಕೊಟ್ಟರೆ ಎರಡೂ ಸರಿಯಾಗಿ ಬರುತ್ತಿದ್ದವು.

ಬೆಳಕಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಯಾಕೆಂದರೆ ನಮ್ಮ ಕಡೆ ಮುಖಕ್ಕೆ ಬರುವ ಮುಕ್ಕಾಲು ಬೈಗುಳ ನಿಜವಾಗಿ ಬೆಳಕಿಗೆ ಸೇರಬೇಕಾದದ್ದು.

ಏಪ್ರಿಲ್ ಮಧ್ಯಾಹ್ನ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಪ್ರೀ ವೆಡ್ಡಿಂಗ್ ಶೂಟ್ ಮಾಡಿಸುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಬಿಸಿಲು ನೆತ್ತಿಯ ಮೇಲೆ. ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಮೂಗಿನ ಕೆಳಗೆ ಮೀಸೆಯಂಥ ನೆರಳು, ಹಣೆಯಲ್ಲಿ ಬೆವರಿನ ಹೊಳಪು. ಮೇಲಿಂದ “ಕಣ್ ತಗೀರಿ, ಕಣ್ ತಗೀರಿ” ಅಂತ ಕೂಗು. ಆ ಬಿಸಿಲಲ್ಲಿ ಯಾರು ಕಣ್ಣು ತೆರೆಯುತ್ತಾರೆ? ಅದೇ ಜೋಡಿ ಜುಲೈ ತಿಂಗಳ ಮೋಡದ ದಿನ ಬಂದರೆ ಫೋಟೊ ಬೇರೆಯೇ ಆಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಗೆ ಬೈಯುವವರು ಬಹಳ. ಆದರೆ ಮೋಡ ಕವಿದಾಗ ಇಡೀ ಆಕಾಶವೇ ಒಂದು ದೊಡ್ಡ ಲೈಟಿನ ಹಾಗೆ ಕೆಲಸ ಮಾಡುತ್ತದೆ. ಬೆಳಕು ಬರುವ ಜಾಗ ದೊಡ್ಡದಾದಷ್ಟೂ ನೆರಳು ಮೆತ್ತಗಾಗುತ್ತದೆ. ಸ್ಟುಡಿಯೊದವರು ಲೈಟಿಗೆ ಬಿಳಿ ಕೊಡೆ ಕಟ್ಟುವುದು ಇದೇ ಕಾರಣಕ್ಕೆ.

ಮೋಡ ಇಲ್ಲದಿದ್ದರೆ ಹಳೆಯ ಮನೆಗಳ ಪಡಸಾಲೆ ಇದೆಯಲ್ಲ. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಮುಖ ಹೊರಗಿನ ಕಡೆಗೆ. ಬಿಸಿಲು ನೇರ ಬೀಳಬಾರದು, ಬೆಳಕು ಮಾತ್ರ ಬರಬೇಕು. ಕಣ್ಣಲ್ಲಿ ಆ ಬಾಗಿಲಿನ ಸಣ್ಣ ಹೊಳಪು ಕೂರುತ್ತದೆ. ಅದು ಇಲ್ಲದಿದ್ದರೆ ಎಂಥ ಕಣ್ಣೂ ಸತ್ತ ಹಾಗೆ ಕಾಣುತ್ತದೆ. ನೀಲಿ ತಾಡಪಾಲಿನ ಕೆಳಗೆ, ಹಸಿರು ಶೀಟಿನ ಕೆಳಗೆ ಮಾತ್ರ ನಿಲ್ಲಬೇಡಿ. ಆ ಬಣ್ಣ ಮುಖಕ್ಕೆ ಬರುತ್ತದೆ, ಆಮೇಲೆ ನಾನು ಕಂಪ್ಯೂಟರಿನಲ್ಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಬಣ್ಣ ಅಂದಾಗ ಒಂದು ಮಾತು ಹೇಳಲೇಬೇಕು. ನಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಕೇಳಿಬರುವ ಬೇಡಿಕೆ, “ಒಂಚೂರು ಬೆಳ್ಳಗ ಮಾಡ್ರಿ.”

ಬಿಳಿ ಪರದೆ ಮುಂದೆ ಕೂತರೆ ಮುಖ ಕಪ್ಪಾಗಿ ಬರುವುದಕ್ಕೆ ಒಂದು ಕಾರಣ ಇದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಎದುರಿಗೆ ಇರುವುದೆಲ್ಲ ಒಟ್ಟಾರೆ ನಡುವಣ ಬೂದು ಬಣ್ಣ ಅಂತ ಹಿಡಿದು ಲೆಕ್ಕ ಹಾಕುತ್ತದೆ. ಎದುರಿಗೆ ಬಿಳಿಯೇ ಜಾಸ್ತಿ ಇದ್ದರೆ, ಬೆಳಕು ಹೆಚ್ಚಾಯಿತು ಅಂತ ತಾನೇ ಕಡಿಮೆ ಮಾಡುತ್ತದೆ. ಪರದೆ ಬೂದು ಆಗುತ್ತದೆ, ಮುಖ ಇನ್ನೂ ಕಪ್ಪಾಗುತ್ತದೆ. ಈಗಿನ ಫೋನುಗಳು ಮುಖ ಗುರುತಿಸಿ ಸ್ವಲ್ಪ ಸರಿಮಾಡುತ್ತವೆ, ಪೂರ್ತಿ ಅಲ್ಲ. ಹಳೆಯ ಫಿಲ್ಮಿನ ಕಾಲದಲ್ಲಿ ತೊಂದರೆ ಇನ್ನೂ ಆಳದಲ್ಲಿತ್ತು. ಬಣ್ಣ ಸರಿ ಬಂದಿದೆಯೇ ಅಂತ ಹೋಲಿಸಿ ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಕಾರ್ಡುಗಳಲ್ಲಿ ಬಹಳ ವರ್ಷ ಬಿಳಿ ಹೆಂಗಸರ ಫೋಟೊ ಮಾತ್ರ ಇತ್ತು. ‘ಶರ್ಲಿ ಕಾರ್ಡ್’ ಅಂತ ಅದಕ್ಕೆ ಹೆಸರು. ಆ ಚರ್ಮ ಸರಿ ಬಂದರೆ ಎಲ್ಲ ಸರಿ. ಉಳಿದವರ ಬಣ್ಣ ಬಂದಹಾಗೆ ಬರಲಿ. ಅಂದರೆ ನಮ್ಮ ಅಪ್ಪ, ಅವ್ವ “ನಾವು ಫೋಟೊದಾಗ ಕರ್ರಗ ಬರ್ತೇವಿ” ಅಂತ ನಂಬಿಕೊಂಡಿದ್ದಕ್ಕೆ ಅವರ ಚರ್ಮ ಒಂದೇ ಕಾರಣ ಆಗಿರಲಿಲ್ಲ.

ಹಾಗಾಗಿ ಬೆಳ್ಳಗೆ ಮಾಡುವ ಕೆಲಸ ನಾನು ಒಪ್ಪುವುದಿಲ್ಲ. ಮುಖಕ್ಕೆ ಬೆಳಕು ಹೆಚ್ಚು ಕೊಡುತ್ತೇನೆ. ಎರಡೂ ಬೇರೆ ಬೇರೆ. ಒಮ್ಮೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ವರ ನೋಡುತ್ತಿದ್ದಾರೆ, ಬಯೋಡಾಟಾ ಜೊತೆ ಕೊಡಲು ಫೋಟೊ. ಹುಡುಗಿ ಬಿ.ಇಡಿ ಓದುತ್ತಿದ್ದಳು. ಗೋಡೆ ನೋಡುತ್ತಾ ಕೂತಿದ್ದಳು.

“ಬೆಳ್ಳಗ ಮಾಡಿ ಕೊಡ್ರಿ ಮೇಡಂ. ಮಂದಿ ಮೊದಲ ಬಣ್ಣಾನ ನೋಡ್ತಾರ.”

“ಮಾಡಬಹುದ್ರಿ. ಆದ್ರ ಅವರು ಮನೀಗೆ ನೋಡಾಕ ಬಂದಾಗ ಏನ್ ಮಾಡ್ತೀರಿ?”

“ಅದನ್ನ ನಾನೂ ಕೇಳಾಕತ್ತೇನ್ರಿ,” ಅಂದಳು ಹುಡುಗಿ. ಅಲ್ಲಿವರೆಗೂ ಅವಳ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಹೊರಗಿನ ಬೆಳಕಿಗೆ ನಿಲ್ಲಿಸಿದೆ. ಪ್ರಾಕ್ಟೀಸ್ ಟೀಚಿಂಗಿಗೆ ಯಾವ ಕ್ಲಾಸು ಕೊಟ್ಟಿದ್ದಾರೆ ಅಂತ ಕೇಳಿದೆ. ಏಳನೆಯ ಕ್ಲಾಸಿನ ಹುಡುಗರ ಕಾಟ ಹೇಳತೊಡಗಿದಳು. ಫೋಟೊ ಕಂಡು ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಥೇಟ್ ನಮ್ಮ ಅತ್ತಿ ಮುಖ ಆತಲ್ಲ,” ಅಂದರು. ಹೊಗಳಿದ್ದೋ ತೆಗಳಿದ್ದೋ ನನಗೆ ತಿಳಿಯಲಿಲ್ಲ. ಅದೇ ಫೋಟೊ ತೆಗೆದುಕೊಂಡು ಹೋದರು.

ಫೋನಿನ ಬ್ಯೂಟಿ ಫಿಲ್ಟರ್ ಬಗ್ಗೆ ಇಷ್ಟೇ ಹೇಳುತ್ತೇನೆ. ಅದು ಮುಖದ ಗೆರೆ ಅಳಿಸುವಾಗ ಇಳಕಲ್ ಸೀರೆಯ ದಡಿಯ ನೇಯ್ಗೆಯನ್ನೂ ಅಳಿಸಿಬಿಡುತ್ತದೆ. ಅದಕ್ಕಾದರೂ ಸಿಟ್ಟು ಬರಬೇಕು.

ಈಗ ನಗು. “ನಗ್ರಿ” ಅಂದರೆ ಯಾರಿಗೆ ನಗು ಬರುತ್ತದೆ? ಹಲ್ಲು ಕಾಣುತ್ತದೆ, ಅಷ್ಟೆ. ಡುಶೆನ್ ಅನ್ನುವ ಫ್ರೆಂಚ್ ಡಾಕ್ಟರು ಮುಖದ ಸ್ನಾಯುಗಳಿಗೆ ಸಣ್ಣ ಕರೆಂಟು ಕೊಟ್ಟು, ಯಾವುದು ಎಳೆದರೆ ಮುಖ ಹೇಗಾಗುತ್ತದೆ ಅಂತ ಫೋಟೊ ತೆಗೆದು, 1862ರಲ್ಲಿ ಪುಸ್ತಕವನ್ನೇ ಮಾಡಿದರು. ತುಟಿಯ ಅಂಚು ಮೇಲೆಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ. ಕಣ್ಣಿನ ಸುತ್ತ ಇರುವ ಸ್ನಾಯು ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ಒಳಗಿನಿಂದ ಖುಷಿ ಬಂದಾಗ ಅದು ತಾನೇ ಕುಗ್ಗುತ್ತದೆ, ಕಣ್ಣಂಚಿನಲ್ಲಿ ಗೆರೆ ಮೂಡುತ್ತದೆ. ಅದಕ್ಕೇ ‘ಡುಶೆನ್ ನಗು’ ಅಂತ ಈಗಲೂ ಹೆಸರಿದೆ. ಆ ಗೆರೆ ಬರಬಾರದು ಅಂತ ಕ್ರೀಮು ಹಚ್ಚುತ್ತೇವೆ, ಫಿಲ್ಟರ್ ಹಾಕುತ್ತೇವೆ. ಆಮೇಲೆ ನಗು ಸಹಜ ಕಾಣುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೇವೆ.

ನನಗೆ ಗೊತ್ತಿರುವ ಒಳ್ಳೆಯ ನಗುಗಳು ಎರಡು ಹೊತ್ತಿನಲ್ಲಿ ಬರುತ್ತವೆ. ಒಂದು, ನಗಬಾರದು ಅಂದಾಗ. ಪಾಸ್‌ಪೋರ್ಟಿನ ಫೋಟೊಗೆ ಬಾಯಿ ಮುಚ್ಚಿರಬೇಕು, ಮುಖದಲ್ಲಿ ಯಾವ ಭಾವವೂ ಇರಬಾರದು ಅನ್ನೋದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ. ಮಷೀನು ಮುಖ ಹೋಲಿಸಿ ನೋಡಲು ಸುಲಭವಾಗಲಿ ಅಂತ. ಇದನ್ನು ಹೇಳಿದ ಕೂಡಲೇ ದುಬೈಗೆ ಹೊರಟ ಹುಡುಗನಿಂದ ಹಿಡಿದು ಮಗನ ಹತ್ತಿರ ಅಮೆರಿಕಕ್ಕೆ ಹೊರಟ ಕಾಕುವರೆಗೂ ಎಲ್ಲರಿಗೂ ಕಿಸಕ್ಕನೆ ನಗು. ಎರಡನೆಯದು, “ಆತ್ರಿ, ಮುಗೀತು” ಅಂದಾಗ. ಹೆಗಲು ಇಳಿಯುತ್ತದೆ, ಉಸಿರು ಹೊರಗೆ ಹೋಗುತ್ತದೆ, ಮುಖ ಮನೆಗೆ ಬಂದ ಹಾಗೆ ಆಗುತ್ತದೆ. ನಾನು ಆಗ ಇನ್ನೊಂದು ತೆಗೆಯುತ್ತೇನೆ. ತೋರಿಸಿ, ಬೇಕಾ ಬೇಡವಾ ಕೇಳುತ್ತೇನೆ. ಬಹಳ ಸಲ ಆರಿಸಿಕೊಳ್ಳುವುದು ಅದನ್ನೇ.

ಮಾತು ಕೂಡ ಕೆಲಸ ಮಾಡುತ್ತದೆ. ಆದರೆ ಯಾವ ಮಾತು ಅನ್ನೋದು ಮುಖ್ಯ. “ಎಷ್ಟ್ ಚಂದ ಕಾಣಾಕತ್ತೀರಿ” ಅಂದರೆ ಎದುರಿಗೆ ಇದ್ದವರ ಗಮನ ಮತ್ತೆ ಅವರ ಮುಖಕ್ಕೇ ಹೋಗುತ್ತದೆ. “ನಿಮ್ಮೂರಿಂದ ಮೊದಲ ಬಸ್ ಎಷ್ಟಕ್ಕೈತ್ರಿ?” ಅಂತ ಕೇಳಿ ನೋಡಿ. ಉತ್ತರ ಹುಡುಕುತ್ತಾ ಕಣ್ಣಿಗೆ ಜೀವ ಬರುತ್ತದೆ. ಹೇಳಿ ಮುಗಿಸಿದ ಕ್ಷಣ ಬಟನ್ ಒತ್ತಬೇಕು. ಹೇಳುತ್ತಿರುವಾಗ ಒತ್ತಿದರೆ ಬಾಯಿ ಎತ್ತಲೋ ಇರುತ್ತದೆ. ನಮ್ಮ ಕಡೆಯ ಗವಾಯಿಗಳು ಹಾಡುವಾಗ ತೆಗೆದ ಫೋಟೊಗಳನ್ನು ನೋಡಿ. ಬಾಯಿ ತೆರೆದಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ, ಕೈ ಗಾಳಿಯಲ್ಲಿರುತ್ತದೆ. ಫೋಟೊಗೆ ಏನೇನು ಮಾಡಬಾರದು ಅನ್ನುತ್ತಾರೋ ಅಷ್ಟೂ ಇರುತ್ತದೆ. ಆದರೂ ಕಣ್ಣು ತೆಗೆಯಲು ಆಗುವುದಿಲ್ಲ. ಅವರ ಗಮನ ಸ್ವರದಲ್ಲಿದೆ, ಮುಖ ಹೇಗಿದೆ ಅಂತ ನೋಡಿಕೊಳ್ಳಲು ಅವರಿಗೆ ಪುರುಸೊತ್ತಿಲ್ಲ.

ಬಿಗಿಯಾಗಿ ಕೂರುವುದಕ್ಕೆ ಇನ್ನೊಂದು ಹಳೆಯ ಕಾರಣವೂ ಇದೆ. ಫೋಟೊ ಅನ್ನೋದು 1839ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಗೊತ್ತಾದಾಗ ಒಂದು ಚಿತ್ರಕ್ಕೆ ಎಷ್ಟೋ ನಿಮಿಷ ಬೆಳಕು ಬೇಕಿತ್ತು. ಆಮೇಲೆ ಸೆಕೆಂಡುಗಳಿಗೆ ಇಳಿದರೂ ಅಲ್ಲಾಡಿದರೆ ಮುಖ ಮಸುಕಾಗುತ್ತಿತ್ತು. ತಲೆ ಅಲ್ಲಾಡದಿರಲಿ ಅಂತ ಸ್ಟುಡಿಯೊಗಳಲ್ಲಿ ಹಿಂದಿನಿಂದ ಕಬ್ಬಿಣದ ಹಿಡಿಕೆ ಇಡುತ್ತಿದ್ದರು. ಅಷ್ಟು ಹೊತ್ತು ನಗು ಹಿಡಿದು ಕೂರಲು ಯಾರಿಗೆ ಆಗುತ್ತದೆ? ನಮ್ಮ ಅಪ್ಪನ ಕಾಲಕ್ಕೆ ಆ ತೊಂದರೆ ಇರಲಿಲ್ಲ, ಆದರೆ ಖರ್ಚಿನ ಹೆದರಿಕೆ ಇತ್ತು. ಸ್ಟುಡಿಯೊದವರ ಯಾಶಿಕಾ ಕ್ಯಾಮೆರಾದ 120 ನಂಬರಿನ ಫಿಲ್ಮ್ ರೋಲಿನಲ್ಲಿ ಬರುತ್ತಿದ್ದದ್ದು 12 ಫೋಟೊ. ಒಬ್ಬರಿಗೆ ಒಂದು ಸಲ ಕ್ಲಿಕ್. ಕಣ್ಣು ಮುಚ್ಚಿದರೆ ಮುಗೀತು. ಹಿಂದೆ ತಾಜ್‌ಮಹಲಿನ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಒಳಕೋಣೆಯಲ್ಲಿ ಹಣಿಗೆ, ಕನ್ನಡಿ, ಪೌಡರ್ ಡಬ್ಬಿ. ಆ ಪೌಡರಿನ ಕೆಲಸ ಬಿಳುಪು ಮಾಡುವುದಕ್ಕಿಂತ ಮುಖದ ಎಣ್ಣೆ ಹೊಳಪು ಕಡಿಮೆ ಮಾಡುವುದು ಅಂತ ನನಗೆ ಗೊತ್ತಾದದ್ದು ಈ ಕೆಲಸಕ್ಕೆ ಬಂದ ಮೇಲೆ.

ಈಗ ಕ್ಲಿಕ್ಕಿಗೆ ಒಂದು ಪೈಸೆ ಖರ್ಚಿಲ್ಲ. ಆದರೂ ಜನ ಒಂದೇ ಫಿಲ್ಮ್ ಉಳಿದಿದೆಯೇನೋ ಅನ್ನುವ ಹಾಗೆ ಕೂರುತ್ತಾರೆ. ಅದಕ್ಕೆ ನಾನು ಮೊದಲೇ ಹೇಳುತ್ತೇನೆ. “ಬೇಕಾದಷ್ಟು ತಗಿಯೋಣ್ರಿ. ನಿಮಗ ಸೇರಲಿಲ್ಲ ಅಂದ್ರ ನಿಮ್ಮ ಮುಂದ ಡಿಲೀಟ್ ಮಾಡ್ತೇನಿ.” ಬೇಡ ಅನ್ನುವ ಹಕ್ಕು ತಮಗಿದೆ ಅಂತ ಗೊತ್ತಾದರೆ ಮನುಷ್ಯ ಎಷ್ಟು ಸಡಿಲಾಗುತ್ತಾನೆ ಅನ್ನೋದನ್ನು ಈ ಸ್ಟೂಲಿನ ಮುಂದೆ ನಿಂತು ನೋಡಬೇಕು. ಹುಡುಗಿಯರಿಗಂತೂ ಈ ಮಾತು ಬಹಳ ಮುಖ್ಯ. ತಮ್ಮ ಫೋಟೊ ಬೇರೆಯವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಅನ್ನುವ ಹೆದರಿಕೆಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮುಖ ಹೇಳುತ್ತದೆ.

ಮೈಯ ವಿಷಯ ಜಾಸ್ತಿ ಇಲ್ಲ. ಗದ್ದ ಮೊದಲು ಒಂಚೂರು ಮುಂದಕ್ಕೆ, ಆಮೇಲೆ ಒಂಚೂರು ಕೆಳಕ್ಕೆ. ಮಾಡುವಾಗ ವಿಚಿತ್ರ ಅನ್ನಿಸುತ್ತದೆ, ಫೋಟೊದಲ್ಲಿ ಕತ್ತು ಚೆಂದ ಬರುತ್ತದೆ. ಚಷ್ಮಾ ಇದ್ದರೆ ಕಿವಿಯ ಕಡೆ ಕಡ್ಡಿ ಸ್ವಲ್ಪ ಎತ್ತಿ, ಗಾಜಿನ ಹೊಳಪು ಹೋಗುತ್ತದೆ. ಉಸಿರು ಬಿಟ್ಟ ಮೇಲೆ ತೆಗೆಸಿಕೊಳ್ಳಿ. ನಿಂತಿದ್ದರೆ ಒಂದು ಕಾಲಿನ ಮೇಲೆ ಭಾರ ಹಾಕಿ. ನಮ್ಮ ಹಿರಿಯರು ಕ್ಯಾಮೆರಾ ಕಂಡರೆ ಸಾಲಿಯ ಪಿ.ಟಿ. ಮಾಸ್ತರು ಬಂದ ಹಾಗೆ ಸಾವಧಾನ್ ಆಗಿಬಿಡುತ್ತಾರೆ. ಅವರಿಗೆ ವಿಶ್ರಾಮ್ ಅನ್ನಬೇಕು, ನಿಜವಾಗಿಯೂ ಕೇಳುತ್ತಾರೆ. ಕೈ ಎಲ್ಲಿಡಬೇಕು ಅಂತ ಗೊತ್ತಾಗದಿದ್ದರೆ ಏನಾದರೂ ಹಿಡಿದುಕೊಳ್ಳಿ. ಸೆರಗಿನ ಅಂಚು, ಕೊಡೆ, ಮೊಮ್ಮಗು, ಯಾವುದಾದರೂ ಸರಿ.

ಬಟ್ಟೆಯ ಬಗ್ಗೆ ಕೇಳುವವರಿಗೆ ನಾನು ಹೇಳುವುದು ದಿನಾ ಹಾಕುವುದನ್ನೇ ಹಾಕಿಕೊಳ್ಳಿ ಅಂತ. ಸಾಲದ ಅರ್ಜಿಗೆ ಅಂತ ಬಂದ ಒಬ್ಬ ಅಜ್ಜನ ತಲೆಗೆ ದೊಡ್ಡ ಪಟಕಾ ಇತ್ತು. ಅರ್ಜಿಯಲ್ಲಿ ತಲೆ ಮೇಲೆ ಏನೂ ಇರಬಾರದು ಅಂತ ಬರೆದಿತ್ತು. ತೆಗೆಯಿರಿ ಅಂದೆ. “ಪಟಕಾ ತಗದ್ರ ಬ್ಯಾಂಕಿನವರಿಗೆ ಗುರುತ ಸಿಗಂಗಿಲ್ಲವ್ವಾ,” ಅಂದರು. ಮಾತು ಸರಿಯಾಗಿಯೇ ಇತ್ತು. ತೆಗೆದು ಕೂತಾಗ ಅವರು ಬೇರೆ ಯಾರೋ ಆಗಿದ್ದರು. ನೆತ್ತಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅರ್ಜಿಗೆ ಒಂದು ತೆಗೆದು, ಪಟಕಾ ಸುತ್ತಿಸಿ ಅವರಿಗೆ ಅಂತ ಇನ್ನೊಂದು ತೆಗೆದೆ.

ಗುಂಪಿನ ಫೋಟೊಗೆ ಒಂದು ಮಜಾ ಲೆಕ್ಕ ಇದೆ. ಎಲ್ಲರೂ ಕಣ್ಣು ತೆರೆದಿರುವ ಒಂದು ಫೋಟೊ ಸಿಗಬೇಕಾದರೆ ಎಷ್ಟು ತೆಗೆಯಬೇಕು? ಆಸ್ಟ್ರೇಲಿಯಾದ ಸ್ವೆನ್ಸನ್, ಬಾರ್ನ್ಸ್ ಅನ್ನುವ ಇಬ್ಬರು ಇದಕ್ಕೆ ಸೂತ್ರ ಮಾಡಿ, 2006ರಲ್ಲಿ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನ ಪಡೆದರು. 20ಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ. ಬೆಳಕು ಕಡಿಮೆ ಇದ್ದರೆ 2ರಿಂದ. ಅಂದರೆ 18 ಮಂದಿಯ ಮನೆತನಕ್ಕೆ ಅಂಗಳದಲ್ಲಿ 6 ಫೋಟೊ, ಕತ್ತಲೆ ಕಲ್ಯಾಣಮಂಟಪದಲ್ಲಿ 9. ಇನ್ನು ಮುಂದೆ “ಇವ ಪ್ರತಿ ಫೋಟೊಕ್ಕೂ ಕಣ್ಣ ಮುಚ್ಚತಾನ” ಅಂತ ಸೋದರಮಾವನನ್ನು ಬೈಯುವ ಮೊದಲು ಎಷ್ಟು ತೆಗೆದಿದ್ದೇವೆ ಅಂತ ಎಣಿಸಿ ನೋಡಿ. ಮದುವೆಯ ವೇದಿಕೆ ಮೇಲೆ ಸಾಲಿನ ತುದಿಗೆ ನಿಂತವರು ದಪ್ಪ ಕಾಣುವುದಕ್ಕೂ ಊಟ ಕಾರಣ ಅಲ್ಲ. ಎಲ್ಲರೂ ಹಿಡಿಯಲಿ ಅಂತ ಹಾಕುವ ಅಗಲದ ಲೆನ್ಸು ಅಂಚಿನಲ್ಲಿ ಇರುವವರನ್ನು ಎಳೆದು ಅಗಲ ಮಾಡುತ್ತದೆ. ನಡುವೆ ನಿಲ್ಲಿ. ಸಂಕೋಚ ಮಾಡಿಕೊಂಡು ತುದಿಗೆ ಹೋಗುವವರೇ ಇದರಲ್ಲಿ ನಷ್ಟ ಅನುಭವಿಸುವುದು.

ಇದೆಲ್ಲ ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ಅಂಗಡಿಯಲ್ಲಿ ನನಗೆ ಕಷ್ಟ ಕೊಡುವ ಒಂದು ಕೆಲಸ ಇದೆ. ಶ್ರದ್ಧಾಂಜಲಿ ಬ್ಯಾನರು. ತೀರಿಕೊಂಡವರ ಮನೆಯವರು ರಾತ್ರಿಯೋ ಬೆಳಿಗ್ಗೆಯೋ ಬರುತ್ತಾರೆ. ಫೋಟೊ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. “ಅವ್ವ ಫೋಟೊ ತಗಸ್ಕೊಂಡಿಲ್ರೀ. ಛಲೋ ಬರಂಗಿಲ್ಲ ಅಂತಿದ್ಲು.” ಕೊನೆಗೆ ಯಾರದೋ ನಿಶ್ಚಯದ ಗುಂಪು ಫೋಟೊದ ಮೂಲೆಯಲ್ಲಿ ಸಿಗುತ್ತಾರೆ. ವಾಟ್ಸಾಪಿನಲ್ಲಿ ಓಡಾಡಿ ಸಣ್ಣದಾಗಿರುತ್ತದೆ. 12ಕ್ಕೆ 18 ಇಂಚಿನ ಚೌಕಟ್ಟಿಗೆ ಒಳ್ಳೆಯ ಪ್ರಿಂಟ್ ಬೇಕು ಅಂದರೆ 3600ಕ್ಕೆ 5400 ಪಿಕ್ಸೆಲ್ ಬೇಕು. ಸಿಗುವ ಮುಖ ಹೆಬ್ಬೆರಳಿನಷ್ಟು ಇರುತ್ತದೆ. ಹಿಗ್ಗಿಸಿದರೆ ಕಣ್ಣು ಯಾವುದು, ನೆರಳು ಯಾವುದು ಗೊತ್ತಾಗುವುದಿಲ್ಲ. ಈಗ ಎಐ ಹಾಕಿ ಚೂಪು ಮಾಡಬಹುದು. ಮಾಡಿದರೆ ಮಗಳು ನೋಡಿ, “ಇದು ಅವ್ವ ಅಲ್ರೀ,” ಅನ್ನುತ್ತಾಳೆ.

ಹೆಬ್ಬಳ್ಳಿ ಕಡೆಯ ಒಬ್ಬ ಅಜ್ಜಿ ಈ ವಿಷಯದಲ್ಲಿ ನಮಗೆಲ್ಲರಿಗಿಂತ ಜಾಣೆ. ಮೊಮ್ಮಗನ ಬೈಕಿನ ಮೇಲೆ ಕೂತು ತಾವೇ ಬಂದಿದ್ದರು. ಇಳಕಲ್ ಸೀರೆ, ಖಣದ ಕುಬಸ, ಕಿವಿಯಲ್ಲಿ ಬುಗುಡಿ.

“ಹಾರ ಹಾಕ್ತಾರಲ್ಲ ತಂಗೆವ್ವಾ, ಆ ಫೋಟೊ ಬೇಕು.”

“ಅಜ್ಜೀ, ಸುಮ್ಕಿರ,” ಅಂದ ಮೊಮ್ಮಗ.

“ನೀ ಸುಮ್ಕಿರಲೇ. ನಿಮ್ಮ ಮುತ್ಯಾನ ಫೋಟೊ ನೋಡೀಯಿಲ್ಲ? ಗುಂಪಿನಾಗಿಂದ ಕತ್ತರಿಸ್ಯಾರ. ಹೆಗಲ ಮ್ಯಾಲೆ ಯಾರದೋ ಕೈ ಐತಿ. ದಿನಾ ಕೈ ಮುಗಿಯೂ ಮುಂದ ಆ ಕೈಗೂ ಮುಗೀತೇನಿ.”

ಸ್ಟೂಲಿನ ಮೇಲೆ ಕೂತರು. ಹೆಗಲು ಎತ್ತಲಿಲ್ಲ, ಉಸಿರು ಹಿಡಿಯಲಿಲ್ಲ. ನಾನು ಹೇಳುವ ಮೊದಲೇ ಮುಖ ಒಂದು ಪಕ್ಕಕ್ಕೆ ಸ್ವಲ್ಪ ತಿರುಗಿಸಿದರು. ನೇರ ನೋಡು ಅಂತ ಮೊಮ್ಮಗ ಅಂದ. ಬುಗುಡಿ ಕಾಣಬೇಕು ಅಂದರು. ದೊಡ್ಡ ದೊಡ್ಡ ಸ್ಟುಡಿಯೊಗಳಲ್ಲಿ ಕಲಿಸುವುದೂ ಅದೇ ಓರೆ. ಮೊದಲನೆಯದನ್ನು ತೋರಿಸಿದೆ. ತಲೆ ಅಲ್ಲಾಡಿಸಿದರು.

“ಇದರಾಗ ಸಿಟ್ಟಿಲೆ ಕುಂತಂಗ ಕಾಣ್ತೇನಿ. ಸೊಸಿ ಹೆದರ್ತಾಳ. ಇನ್ನೊಂದು ತಗಿ.”

ಇನ್ನೊಂದು ತೆಗೆದೆವು. ಅದು ಸೇರಿತು. ಚೌಕಟ್ಟಿನ ರೇಟು ಕೇಳಿ, ಮರದ್ದು ಬೇಡ, ಗೆದ್ದಲು ಹಿಡಿಯುತ್ತದೆ ಅಂದರು. ಇದರಿಂದಲೇ ಸಣ್ಣವೂ ನಾಲ್ಕು ಮಾಡಿಕೊಡು, ಪಿಂಚಣಿ ಅರ್ಜಿಗೆ ಆಗುತ್ತವೆ ಅಂದರು. ಅರ್ಜಿಗೆ ಓರೆ ಮುಖ ನಡೆಯುವುದಿಲ್ಲ, ನೇರ ನೋಡಬೇಕು ಅಂತ ಮತ್ತೆ ಕೂರಿಸಿ ತೆಗೆದೆ. ಅದರಲ್ಲಿ ಬುಗುಡಿ ಕಾಣಲಿಲ್ಲ ಅಂತ ಹತ್ತು ರೂಪಾಯಿ ಕಡಿಮೆ ಕೊಟ್ಟು ಹೋದರು.